ಫೋನು ಜತ್ತಿನಲ್ಲಿ, ವಿಳಾಸ ತವರಿನಲ್ಲಿ

ವಿಜಯಪುರ ಜಿಲ್ಲೆಯ ಒಣದ್ರಾಕ್ಷಿಗೆ ದೊಡ್ಡ ಪೇಟೆ ಎಂದರೆ ಬಹುಕಾಲದಿಂದ ಮಹಾರಾಷ್ಟ್ರದ ತಾಸಗಾವ, ಸಾಂಗ್ಲಿ. ಮಮದಾಪುರ, ಬಬಲೇಶ್ವರ, ತಿಕೋಟಾ ಕಡೆಯ ಬೆಳೆಗಾರ ಮಾಲು ಹೇರಿಸಿಕೊಂಡು ಜತ್ ಕಡೆಗೆ ಹೊರಟರೆ, ಗಡಿ ದಾಟಿದ್ದು ಅವನಿಗಿಂತ ಮೊದಲು ಅವನ ಕಿಸೆಯಲ್ಲಿರುವ ಫೋನಿಗೆ ಗೊತ್ತಾಗುತ್ತದೆ. ಜತ್ ತಾಲ್ಲೂಕಿನಲ್ಲೂ ಕನ್ನಡವೇ ಕಿವಿಗೆ ಬೀಳುತ್ತದೆ, ಹೊಲಗಳ ಚಹರೆಯೂ ಅಷ್ಟೇನೂ ಬದಲಾಗುವುದಿಲ್ಲ. ಆದರೆ ಟೆಲಿಕಾಂ ಸೇವೆಗಾಗಿ ದೇಶವನ್ನು ಹಂಚಿಕೊಂಡ ವಲಯಗಳ ಲೆಕ್ಕದಲ್ಲಿ ಅದು ‘ಮಹಾರಾಷ್ಟ್ರ ಸರ್ಕಲ್’. ಗೋವಾ ಕೂಡ ಇದೇ ಸರ್ಕಲ್ಲಿಗೆ ಸೇರಿದೆ, ಮುಂಬಯಿ ಮಾತ್ರ ಬೇರೆ. ಹೀಗಾಗಿ ಇಲ್ಲಿಂದ ಮುಂಬಯಿಗೆ ದುಡಿಯಲು ಹೋಗುವವನ ಫೋನು ಒಂದೇ ಪ್ರಯಾಣದಲ್ಲಿ ಎರಡು ಗಡಿ ದಾಟುತ್ತದೆ.

ಹತ್ತು ವರ್ಷದ ಹಿಂದೆ ಈ ಗಡಿ ಜೇಬಿಗೆ ಬಿಸಿ ಮುಟ್ಟಿಸುತ್ತಿತ್ತು. ಸಾಂಗ್ಲಿಗೋ ಸೊಲ್ಲಾಪುರಕ್ಕೋ ಹೋಗಿಬರುವವರು ಎರಡು ಸಿಮ್ ಇಟ್ಟುಕೊಳ್ಳುತ್ತಿದ್ದರು, ಗಡಿ ಬಂತೆಂದರೆ ಡೇಟಾ ಬಂದ್ ಮಾಡುತ್ತಿದ್ದರು. 2015ರ ಮೇ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಹೀಗೆ ಸರ್ಕಲ್ ದಾಟಿದಾಗ ಬೀಳುವ ರೋಮಿಂಗ್ ದರದ ಮಿತಿ ಇಳಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ದೇಶದೊಳಗೆ ರೋಮಿಂಗ್ ಶುಲ್ಕವೇ ಇಲ್ಲ ಎಂದು ಮಾರುಕಟ್ಟೆಗೆ ಇಳಿಯಿತು, 2017ರ ಏಪ್ರಿಲ್ 1ರಿಂದ ಏರ್‌ಟೆಲ್ಲೂ ಶುಲ್ಕ ಕೈಬಿಟ್ಟಿತು. ಅಲ್ಲಿಗೆ ರೋಮಿಂಗ್ ಎಂಬ ಮಾತನ್ನೇ ಜನ ಮರೆತರು. ಬಿಲ್ಲಿನಿಂದ ಅದು ಅಳಿಸಿಹೋಯಿತು ನಿಜ, ನೆಟ್‌ವರ್ಕ್ ಒಳಗಿನಿಂದ ಅಳಿಸಿಹೋಗಲಿಲ್ಲ. ಗಡಿ ದಾಟಿದ ಫೋನು ಯಾರದು, ಅದರ ಡೇಟಾ ಯಾರ ಬಾಗಿಲಿನಿಂದ ಇಂಟರ್ನೆಟ್ಟಿಗೆ ಹೋಗಬೇಕು, ಲೆಕ್ಕ ಬರೆಯುವವರು ಯಾರು ಎಂಬ ಪ್ರಶ್ನೆಗಳಿಗೆ ಇವತ್ತಿಗೂ ಪ್ರತಿ ಸಲ ಹೊಸದಾಗಿ ಉತ್ತರ ಹುಡುಕಲಾಗುತ್ತದೆ. ಅದೂ ನಾವು ರಸ್ತೆ ಬದಿಯಲ್ಲಿ ಚಹಾಕ್ಕೆ ಹೇಳಿ ಕೂಡುವಷ್ಟರೊಳಗೆ.

ಈ ಕೆಲಸ ಟವರಿನದಲ್ಲ. ಟವರು ರೇಡಿಯೋ ಅಲೆಯನ್ನು ಹಿಡಿದು ದಾಟಿಸುತ್ತದೆ, ಅಷ್ಟೇ. ತೀರ್ಮಾನಗಳೆಲ್ಲ ಅದರ ಹಿಂದಿರುವ ‘ಕೋರ್ ನೆಟ್‌ವರ್ಕ್’ನಲ್ಲಿ ಆಗುತ್ತವೆ. ದೊಡ್ಡ ನಗರಗಳ ಡೇಟಾ ಕೇಂದ್ರಗಳಲ್ಲಿ ಸಾಲಾಗಿ ನಿಂತ ಸರ್ವರುಗಳೇ ಈ ಕೋರ್.

ಸಿಮ್ಮಿನೊಳಗೆ ನಮ್ಮ ಮೊಬೈಲ್ ನಂಬರಿಗಿಂತ ಬೇರೆಯಾದ, ಸಾಮಾನ್ಯವಾಗಿ 15 ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಐಎಮ್‌ಎಸ್‌ಐ ಎಂದು ಅದರ ಹೆಸರು. ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಮತ್ತು 405. ಅದರ ಮುಂದಿನ ಅಂಕಿಗಳು ಕಂಪನಿ ಯಾವುದು, ಸರ್ಕಲ್ ಯಾವುದು ಎಂದು ಹೇಳುತ್ತವೆ. ಏರ್‌ಟೆಲ್‌ನ ಕರ್ನಾಟಕ ಸಂಕೇತ 404-45, ಮಹಾರಾಷ್ಟ್ರದ್ದು 404-90. ಬಿಎಸ್‌ಎನ್‌ಎಲ್‌ಗೆ ಇಲ್ಲಿ 404-71, ಅಲ್ಲಿ 404-66. ಎಂದರೆ ಕಂಪನಿ ಒಂದೇ ಆದರೂ ಫೋನಿನ ಕಣ್ಣಿಗೆ ಅವು ಎರಡು ಬೇರೆ ನೆಟ್‌ವರ್ಕುಗಳು. ನಮ್ಮ ಸಿಮ್ ಹುಟ್ಟಿದ ನೆಟ್‌ವರ್ಕನ್ನು ತವರು ಎಂದು ಕರೆಯೋಣ, ಹೋಗಿ ಸೇರಿದ್ದನ್ನು ಪರವೂರು ಎನ್ನೋಣ.

ಜತ್ ಕಡೆಯ ಟವರಿಗೆ ಅಂಟಿಕೊಂಡ 4ಜಿ ಫೋನು ಮೊದಲು ‘ನಾನು ಬಂದೆ’ ಎಂದು ಸಂದೇಶ ಕಳಿಸುತ್ತದೆ. ಪರವೂರಿನ ನಿಯಂತ್ರಕ ಸರ್ವರು ಗುರುತು ಸಂಖ್ಯೆಯ ಮೊದಲ ಅಂಕಿಗಳನ್ನು ಓದಿ, ಇವನು ನಮ್ಮವನಲ್ಲ ಎಂದು ತಿಳಿದು ತವರಿನ ದಫ್ತರವನ್ನು ವಿಚಾರಿಸುತ್ತದೆ. ಎಚ್‌ಎಸ್‌ಎಸ್ ಎಂಬ ಆ ದಫ್ತರದಲ್ಲಿ ಪ್ರತಿ ಗ್ರಾಹಕನ ರಹಸ್ಯ ಕೀಲಿಯ ಒಂದು ಪ್ರತಿ ಇರುತ್ತದೆ, ಇನ್ನೊಂದು ಸಿಮ್ಮಿನಲ್ಲಿ. ತವರು ಆ ಕೀಲಿಯನ್ನು ಯಾರಿಗೂ ಕೊಡುವುದಿಲ್ಲ. ಕೀಲಿ ಬಳಸಿ ಬಿಡಿಸಬೇಕಾದ ಒಂದು ಲೆಕ್ಕವನ್ನೂ ಅದರ ಸರಿಯುತ್ತರವನ್ನೂ ಕಳಿಸುತ್ತದೆ. ಪರವೂರು ಆ ಲೆಕ್ಕವನ್ನು ಫೋನಿಗೆ ಕೊಡುತ್ತದೆ, ಉತ್ತರ ತಾಳೆಯಾದರೆ ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ತವರಿನ ದಫ್ತರ ‘ಇವನು ಈಗ ಅಲ್ಲಿದ್ದಾನೆ’ ಎಂದು ಬರೆದುಕೊಂಡು, ಹಿಂದೆ ಅವನನ್ನು ನೋಡಿಕೊಳ್ಳುತ್ತಿದ್ದ ಕರ್ನಾಟಕದ ನಿಯಂತ್ರಕಕ್ಕೆ ಇವನ ಹೆಸರು ತೆಗೆದುಬಿಡು ಎಂದು ಹೇಳಿಕಳಿಸುತ್ತದೆ.

ಇದಿಷ್ಟು ಆಳನ್ನು ಗುರುತಿಸುವ ಕೆಲಸ. ಡೇಟಾ ಸೆಷನ್ ತೆರೆಯುವುದು ಇನ್ನೊಂದು ಕೆಲಸ. ಸೆಷನ್ ಎಂದರೆ ಫೋನಿಗೂ ಇಂಟರ್ನೆಟ್ಟಿನ ಬಾಗಿಲಾದ ಗೇಟ್‌ವೇಗೂ ನಡುವೆ ಏರ್ಪಟ್ಟ ಒಂದು ಒಪ್ಪಂದ. ಗೇಟ್‌ವೇ ಫೋನಿಗೊಂದು ಐಪಿ ವಿಳಾಸ ಕೊಡುತ್ತದೆ, ಎಷ್ಟು ವೇಗ ಕೊಡಬಹುದು, ಎಷ್ಟು ಡೇಟಾ ಉಳಿದಿದೆ ಎಂದು ನೋಡಿಕೊಳ್ಳುತ್ತದೆ. ನಡುವಿನ ಪ್ರತಿ ಹಂತದಲ್ಲೂ ಆ ಸೆಷನ್ನಿಗೆ ಒಂದು ಸುರಂಗ ಸಂಖ್ಯೆ ಬೀಳುತ್ತದೆ. 32 ಬಿಟ್‌ಗಳ ಸಂಖ್ಯೆ ಅದು, ಸುಮಾರು 429 ಕೋಟಿ ಬೇರೆ ಬೇರೆ ಸುರಂಗಗಳಿಗೆ ಸಾಕು. ನಾವು ಕಳಿಸಿದ ಡೇಟಾದ ಪ್ರತಿ ತುಣುಕಿಗೂ ಇನ್ನೊಂದು ಹೊದಿಕೆ ಹಾಕಿ, ಮೇಲೆ ಈ ಸಂಖ್ಯೆ ಬರೆದು ದಾಟಿಸುತ್ತಾರೆ. ನಾವು ಎಷ್ಟೇ ಟವರು ಬದಲಿಸಿದರೂ ಗೇಟ್‌ವೇ ಕದಲುವುದಿಲ್ಲ, ಸುರಂಗದ ಈಚೆ ತುದಿ ಮಾತ್ರ ನಮ್ಮ ಹಿಂದೆ ಸರಿಯುತ್ತ ಬರುತ್ತದೆ. ಬಸ್ಸಿನಲ್ಲಿ ಹೋಗುತ್ತ ವಿಡಿಯೋ ನೋಡಲಾಗುವುದು ಇದರಿಂದಲೇ.

ಪರವೂರಿಗೆ ಹೋದವನ ಗೇಟ್‌ವೇ ಎಲ್ಲಿರಬೇಕು? ರೋಮಿಂಗಿನ ತಿರುಳು ಇರುವುದು ಈ ಪ್ರಶ್ನೆಯಲ್ಲಿ, ಉತ್ತರ ಎರಡುಂಟು. ಪರವೂರಿನ ಗೇಟ್‌ವೇಯಿಂದಲೇ ಇಂಟರ್ನೆಟ್ಟಿಗೆ ಬಿಡಬಹುದು, ದಾರಿ ಹತ್ತಿರ. ಇಲ್ಲವೇ ತುಣುಕುಗಳನ್ನೆಲ್ಲ ಸುರಂಗದಲ್ಲಿ ತವರಿಗೆ ಒಯ್ದು ಅಲ್ಲಿಂದ ಬಿಡಬಹುದು. ದೇಶದೊಳಗೆ ಒಂದೇ ಕಂಪನಿಯ ಎರಡು ಸರ್ಕಲ್‌ಗಳ ನಡುವೆ ಹೇಗೆ ಮಾಡಬೇಕೆಂಬುದು ಆ ಕಂಪನಿಗೆ ಬಿಟ್ಟದ್ದು. ವಿದೇಶಕ್ಕೆ ಹೋದಾಗ ಮಾತ್ರ ಸಾಮಾನ್ಯವಾಗಿ ತವರಿನ ದಾರಿಯೇ ನಡೆದುಬಂದಿದೆ.

ಮಮದಾಪುರದಿಂದ ಹಜ್ ಯಾತ್ರೆಗೆ ಹೋದವರೊಬ್ಬರು ಜಿದ್ದಾದಲ್ಲಿ ಇಳಿದು, ಭಾರತದ ಸಿಮ್ಮಿನಲ್ಲೇ ಅಲ್ಲಿಯ ಹೋಟೆಲಿನ ಜಾಲತಾಣ ತೆರೆದರು ಎನ್ನಿ. ಆ ತಾಣದ ಸರ್ವರು ಜಿದ್ದಾದಲ್ಲೇ ಇರಲಿ, ಗೇಟ್‌ವೇ ಮುಂಬಯಿಯಲ್ಲಿರಲಿ. ವಿನಂತಿ ಜಿದ್ದಾದಿಂದ ಸುಮಾರು 3,500 ಕಿಲೋಮೀಟರ್ ದೂರದ ಮುಂಬಯಿಗೆ ಬಂದು, ಅಲ್ಲಿಂದ ಮತ್ತೆ ಜಿದ್ದಾಕ್ಕೆ ಹೋಗಬೇಕು. ಉತ್ತರವೂ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಒಟ್ಟು 14,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ಲು ನೆಟ್ಟಗೆ ಹಾಸಿದೆ ಎಂದುಕೊಂಡರೂ ಇಷ್ಟಕ್ಕೇ 70 ಮಿಲಿಸೆಕೆಂಡ್ ಬೇಕು, ಸಮುದ್ರದ ಕೇಬಲ್ಲು ನೆಟ್ಟಗೆ ಇರುವುದೂ ಇಲ್ಲ. ವಿದೇಶದಲ್ಲಿ ಸಿಗ್ನಲ್ಲಿನ ಗೆರೆ ತುಂಬಿದ್ದರೂ ರೋಮಿಂಗ್ ಡೇಟಾ ಕುಂಟುತ್ತದೆ ಎಂದು ಬೈಯುವವರಿಗೆ ಒಂದು ಕಾರಣ ಇಲ್ಲಿದೆ.

ಲಾಭವೂ ಇದೆ. ಸೆಷನ್ನಿನ ವಿಳಾಸ ಭಾರತದ್ದಾದ್ದರಿಂದ ಭಾರತದೊಳಗೆ ಮಾತ್ರ ತೆರೆಯುವ ಸಿನಿಮಾ, ಕ್ರಿಕೆಟ್ ಆ್ಯಪುಗಳು ಅಲ್ಲೂ ತೆರೆದುಕೊಳ್ಳಬಹುದು. ದುಬೈಯಲ್ಲಿರುವ ಕನ್ನಡಿಗರಿಗೆ ಈ ಚಮತ್ಕಾರ ಚೆನ್ನಾಗಿ ಗೊತ್ತು. ಸ್ಥಳೀಯ ಸಿಮ್ಮಿನಲ್ಲಿ ನಡೆಯದ ವಾಟ್ಸ್‌ಆ್ಯಪ್ ಕರೆ, ಊರಿಂದ ಬಂದ ನೆಂಟರ ರೋಮಿಂಗ್ ಸಿಮ್ಮಿನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಆ ಮಾತು ಸುರಂಗದೊಳಗೆ ಭಾರತಕ್ಕೆ ಬಂದು ಇಲ್ಲಿಂದ ಹೊರಡುವುದರಿಂದ ಅಲ್ಲಿಯ ತಡೆ ಅದನ್ನು ಕಾಣುವುದಿಲ್ಲ.

ಇಷ್ಟು ಸುತ್ತುದಾರಿಯನ್ನು ಕಂಪನಿಗಳು ಯಾಕೆ ಬಿಡುವುದಿಲ್ಲ? ನನಗೆ ಕಾಣುವಂತೆ ಮುಖ್ಯ ಕಾರಣ ಹಣ. ಗೇಟ್‌ವೇ ಯಾರ ಕೈಯಲ್ಲಿದೆಯೋ ಮೀಟರು ಅವರ ಕೈಯಲ್ಲಿ. ಪ್ರೀಪೇಯ್ಡ್ ಗ್ರಾಹಕನಿಗೆ ಗೇಟ್‌ವೇ ಒಮ್ಮೆಗೇ ಪೂರ್ತಿ ಡೇಟಾ ಬಿಟ್ಟುಕೊಡುವುದಿಲ್ಲ. ಲೆಕ್ಕದ ಸರ್ವರಿನಿಂದ ಸ್ವಲ್ಪ ಪಾಲು ಪಡೆದು, ಅದು ಮುಗಿಯುತ್ತ ಬಂದಾಗ ಮತ್ತಷ್ಟು ಕೇಳುತ್ತದೆ. ದುಡ್ಡು ತೀರಿತೆಂದರೆ ಸೆಷನ್ ಅಲ್ಲಿಗೇ ನಿಲ್ಲುತ್ತದೆ. ಪರವೂರಿನ ಗೇಟ್‌ವೇಗೆ ಇದನ್ನು ಒಪ್ಪಿಸಿದರೆ ಗ್ರಾಹಕ ಎಷ್ಟು ಖರ್ಚು ಮಾಡಿದ ಎಂದು ತವರಿಗೆ ತಿಳಿಯುವುದು ತಡವಾಗಬಹುದು. ಹಾಗೆಂದು ಪರವೂರು ಕೈಕಟ್ಟಿ ಕೂತಿರುವುದಿಲ್ಲ. ತನ್ನ ಕಡೆ ದಾಟಿದ್ದನ್ನು ತಾನೂ ಬರೆದಿಟ್ಟುಕೊಂಡು, ಅದನ್ನೇ ಆಧಾರವಾಗಿ ಇಟ್ಟುಕೊಂಡು ತವರಿಗೆ ಬಿಲ್ಲು ಕಳಿಸುತ್ತದೆ.

ಗಡಿಗೆ ಹತ್ತಿಕೊಂಡ ಹಳ್ಳಿಗಳ ಪಾಡು ಬೇರೆ. ಕರ್ನಾಟಕದ ಹೊಲದಲ್ಲಿ ನಿಂತವನ ಫೋನು ಆಚೆಯ ಟವರನ್ನು ಹಿಡಿದುಬಿಡಬಹುದು, ರೇಡಿಯೋ ಅಲೆಗೆ ಗಡಿಕಲ್ಲು ಕಾಣುವುದಿಲ್ಲ. ಒಮ್ಮೆ ಪರವೂರು ಹಿಡಿದ ಫೋನು, ತವರಿನ ಸಿಗ್ನಲ್ ಬಂದ ಕೂಡಲೇ ತಿರುಗಿ ಬಂದೇ ಬರುತ್ತದೆ ಎಂದೇನಿಲ್ಲ. ತವರನ್ನು ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕು ಎಂಬ ಅವಧಿ ಸಿಮ್ಮಿನಲ್ಲಿ ಬರೆದಿರುತ್ತದೆ. 6 ನಿಮಿಷದಿಂದ 8 ಗಂಟೆಯವರೆಗೆ ಏನೂ ಇರಬಹುದು, ಏನೂ ಬರೆದಿಲ್ಲದಿದ್ದರೆ 60 ನಿಮಿಷ. ಕಂಪನಿ ಎರಡೂ ಸರ್ಕಲ್ಲುಗಳನ್ನು ಸಮಾನ ಎಂದು ಫೋನಿಗೆ ಹೇಳಿಟ್ಟಿದ್ದರೆ ಈ ಹುಡುಕಾಟವೂ ಇರುವುದಿಲ್ಲ. ಏರೋಪ್ಲೇನ್ ಮೋಡ್ ಒತ್ತಿ ತೆಗೆಯುವ ಹಳ್ಳಿಯ ಉಪಾಯ ಕೆಲಸ ಮಾಡುವುದಕ್ಕೆ ಕಾರಣ, ಆಗ ಫೋನು ಅವಧಿಗೆ ಕಾಯದೆ ನೆಟ್‌ವರ್ಕನ್ನು ಹೊಸದಾಗಿ ಆರಿಸಿಕೊಳ್ಳುತ್ತದೆ.

ದಾಟುವ ಹೊತ್ತಿನಲ್ಲಿ ಹಳೆಯ ಸೆಷನ್ ಮುರಿದು ಹೊಸದು ಹುಟ್ಟಿದರೆ ಐಪಿ ವಿಳಾಸ ಬದಲಾಗುತ್ತದೆ. ವಾಟ್ಸ್‌ಆ್ಯಪ್ ಸಂದೇಶಕ್ಕೆ ಅದರಿಂದ ಬಾಧೆಯಿಲ್ಲ, ತಾನೇ ಮತ್ತೆ ಸಂಪರ್ಕ ಹೊಂದಿಸಿಕೊಳ್ಳುತ್ತದೆ. ಡೀಸೆಲ್ ಹಾಕಿಸಿ ಫೋನ್‌ಪೇ ಮಾಡುತ್ತಿದ್ದವನಿಗೆ ಮಾತ್ರ ಫಜೀತಿ. ಪಿನ್ ಒತ್ತಿದ ವಿನಂತಿ ಹಳೆಯ ವಿಳಾಸದಿಂದ ಹೋಗಿದೆ, ಉತ್ತರವೂ ಅದೇ ವಿಳಾಸ ಹುಡುಕಿಕೊಂಡು ಬರುತ್ತದೆ, ಅಲ್ಲಿ ಈಗ ಈ ಫೋನು ಇಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಿದ್ದರೂ ಬ್ಯಾಂಕಿನಲ್ಲಿ ಹಣ ಕಡಿತವಾಗಿರಬಹುದು. ಹಣ ಹೋಯಿತೋ ಇಲ್ಲವೋ ಎಂದು ತೀರ್ಮಾನವಾಗುವುದು ಬ್ಯಾಂಕಿನ ಸರ್ವರಿನಲ್ಲಿ, ಫೋನಿನಲ್ಲಿ ಅಲ್ಲ. ಆದ್ದರಿಂದ ಎರಡನೇ ಸಲ ಕೊಡುವ ಮುಂಚೆ ವ್ಯವಹಾರದ ಪಟ್ಟಿ ನೋಡಿಕೊಳ್ಳುವುದು ಲೇಸು.

ಸೆಷನ್ ತೆರೆಯುವುದಕ್ಕಿಂತ ಮುಚ್ಚುವುದು ಕಷ್ಟ ಎಂದರೆ ವಿಚಿತ್ರ ಅನಿಸಬಹುದು. ಬ್ಯಾಟರಿ ತೆಗೆದರೆ, ಸಿಗ್ನಲ್ಲೇ ಇಲ್ಲದ ಕಡೆ ಹೊಕ್ಕರೆ ಫೋನು ಹೇಳದೆ ಕೇಳದೆ ಮಾಯ. ಸೆಷನ್ ಮಾತ್ರ ಗೇಟ್‌ವೇಯಲ್ಲಿ ಹಾಗೇ ಕೂತಿರುತ್ತದೆ, ವಿಳಾಸವನ್ನೂ ಸರ್ವರಿನ ಸ್ಮೃತಿಯನ್ನೂ ಹಿಡಿದುಕೊಂಡು. ಅದಕ್ಕೇ ಸುಮ್ಮನಿರುವ ಫೋನು ಕೂಡ ಆಗಾಗ ಇದ್ದೇನೆ ಎಂದು ಹಾಜರಿ ಹಾಕಬೇಕು. 4ಜಿಯಲ್ಲಿ ಬೇರೆ ಏನೂ ಹೇಳದಿದ್ದರೆ ಆ ಅವಧಿ 54 ನಿಮಿಷ. ನೆಟ್‌ವರ್ಕು ಇನ್ನೂ 4 ನಿಮಿಷ ಹೆಚ್ಚಿಗೆ ಕಾಯುತ್ತದೆ, ಆಮೇಲೆ ಈ ಫೋನು ಕೈಗೆ ಸಿಗುವುದಿಲ್ಲ ಎಂದು ಗುರುತು ಹಾಕಿ, ಮುಂದೆ ಅದರ ಸೆಷನ್ನುಗಳನ್ನೂ ತೆಗೆದುಹಾಕುತ್ತದೆ. ರೋಮಿಂಗಿನಲ್ಲಿ ಈ ‘ತೆಗೆ’ ಎಂಬ ಸಂದೇಶ ಎರಡು ನೆಟ್‌ವರ್ಕುಗಳ ನಡುವೆ ದಾಟಬೇಕು, ದಾರಿಯಲ್ಲಿ ಕಳೆದುಹೋಗಲೂಬಹುದು. ಆಗ ಪರವೂರಿನಲ್ಲಿ ಸತ್ತ ಸೆಷನ್ ತವರಿನ ಪುಸ್ತಕದಲ್ಲಿ ಬದುಕಿರುತ್ತದೆ. ಅದೇ ಗ್ರಾಹಕ ಮತ್ತೆ ಬಂದು ಅದೇ ಗುರುತಿನಲ್ಲಿ ಹೊಸ ಸೆಷನ್ ಕೇಳಿದರೆ ಗೇಟ್‌ವೇ ಹಳೆಯದನ್ನು ತಾನೇ ಅಳಿಸಬೇಕೆಂದು ನಿಯಮವಿದೆ. ಇನ್ನೊಂದು ಜಾಣತನವೂ ಇದೆ. ಈ ಸರ್ವರುಗಳು ‘ಇದ್ದೀಯಾ?’ ಎಂದು ಪರಸ್ಪರ ಕೇಳುತ್ತಿರುತ್ತವೆ, ಒಂದು ದಾರಿಯಲ್ಲಿ 60 ಸೆಕೆಂಡಿಗೊಂದಕ್ಕಿಂತ ಹೆಚ್ಚು ಸಲ ಕೇಳುವಂತಿಲ್ಲ. ಉತ್ತರದ ಜೊತೆ ‘ನಾನು ಎಷ್ಟನೇ ಸಲ ಎದ್ದಿದ್ದೇನೆ’ ಎಂಬ ಎಣಿಕೆಯೂ ಬರುತ್ತದೆ. ಆ ಅಂಕಿ ಏರಿದೆ ಎಂದರೆ ಆಚೆಯ ಸರ್ವರು ನಡುವೆ ಒಮ್ಮೆ ಬಿದ್ದು ಎದ್ದಿದೆ ಎಂದರ್ಥ. ಅದರ ಹಳೆಯ ಸೆಷನ್ನುಗಳನ್ನೆಲ್ಲ ಈಚೆಯವರು ಒಂದೇ ಏಟಿಗೆ ಗುಡಿಸಿ ಹಾಕುತ್ತಾರೆ.

2022ರ ಅಕ್ಟೋಬರ್ 1ರಂದು ಭಾರತದಲ್ಲಿ 5ಜಿ ಶುರುವಾಯಿತು. ಏರ್‌ಟೆಲ್ ಮೊದಲಿಗೆ 4ಜಿ ಕೋರಿನ ಮೇಲೇ 5ಜಿ ರೇಡಿಯೋ ಕೂರಿಸಿತು, ಅಲ್ಲಿ ಸೆಷನ್ನಿನ ಕಥೆ ಮೇಲೆ ಹೇಳಿದ್ದೇ. ಜಿಯೋ ಹೊಸ ಕೋರನ್ನೇ ಕಟ್ಟಿತು. ಹೊಸ ಕೋರಿನಲ್ಲಿ ಸೆಷನ್ನಿನ ಯಜಮಾನಿಕೆಗೆಂದೇ ಒಂದು ಪ್ರತ್ಯೇಕ ಘಟಕವಿದೆ. ತವರಿನ ದಾರಿ ಹಿಡಿದ ಗ್ರಾಹಕನಿಗೆ ಪರವೂರಿನಲ್ಲೊಂದು, ತವರಿನಲ್ಲೊಂದು ಇಂಥ ಘಟಕ ಕೈಜೋಡಿಸುತ್ತವೆ. ಎರಡು ಕಂಪನಿಗಳ ನಡುವಿನ ಮಾತುಕತೆಯನ್ನು ತಪಾಸಿಸಲು ಗಡಿಯಲ್ಲಿ ಕಾವಲು ಸರ್ವರೂ ಬಂದಿದೆ.

ಈಗ ಫೋನಿನ ಮಾತೂ ಬಹುಪಾಲು ಡೇಟಾವೇ. 4ಜಿ ಡೇಟಾದ ಮೇಲೆ ಮಾತು ಸಾಗಿಸುವ ವೋಲ್ಟಿ ಕರೆಗೆ ಇಂಟರ್ನೆಟ್ಟಿನ ಸೆಷನ್ನಿನ ಜೊತೆಗೆ ಇನ್ನೊಂದು ಸೆಷನ್ ಸದಾ ತೆರೆದಿರುತ್ತದೆ. ವಿದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವೋಲ್ಟಿ ರೋಮಿಂಗ್ ವಿಧಾನದಲ್ಲಿ ಆ ಮಾತೂ ತವರಿನ ಗೇಟ್‌ವೇಗೆ ಬಂದೇ ಮುಂದಕ್ಕೆ ಹೋಗುತ್ತದೆ. ಒಂದು ಕರೆಯನ್ನು ಮಾತ್ರ ತವರಿಗೆ ಒಯ್ಯುವುದಿಲ್ಲ. ತುರ್ತು ಕರೆಗೆ ಫೋನು ಬೇರೆಯೇ ಒಂದು ಸೆಷನ್ ಕೇಳುತ್ತದೆ, ಅದರ ಗೇಟ್‌ವೇ ಪರವೂರಿನದೇ ಆಗಿರುತ್ತದೆ. ಜತ್ ಹತ್ತಿರ ಗಾಡಿ ಪಲ್ಟಿಯಾಗಿ ಬೆಳೆಗಾರ 112 ಒತ್ತಿದರೆ, ಸಿಮ್ಮು ಕರ್ನಾಟಕದ್ದಾದರೂ ಕರೆ ಎತ್ತಬೇಕಾದವರು ಮಹಾರಾಷ್ಟ್ರದವರು. ಆಂಬುಲೆನ್ಸ್ ಬರಬೇಕಾದದ್ದೂ ಅಲ್ಲಿಂದಲೇ.