ಹಳೆಯ ಗ್ರಾಫಿಕ್ಸ್ ಕಾರ್ಡು: ಬದಲಾಯಿಸುವುದೋ, ಜೊತೆಗೂಡಿಸುವುದೋ?

ಮನುಷ್ಯನು ಉಪಯೋಗಿಸುವ ಪ್ರತಿಯೊಂದು ಯಂತ್ರಕ್ಕೂ ಮುಪ್ಪು ಉಂಟು. ಆದರೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಬೀಸುವ ಕಲ್ಲಿನಂತೆ ಸವೆದು ಹಳೆಯದಾಗುವುದಲ್ಲ. ಅದರ ಶಕ್ತಿಯು ಬಹುಮಟ್ಟಿಗೆ ಇದ್ದ ಹಾಗೆಯೇ ಇರುತ್ತದೆ. ಅದರಿಂದ ನಾವು ಅಪೇಕ್ಷಿಸುವ ಕೆಲಸವು ವರುಷ ವರುಷಕ್ಕೂ ಹೆಚ್ಚುತ್ತಾ ಹೋಗುವುದರಿಂದ ಅದು ಹಳೆಯದೆನಿಸಿಕೊಳ್ಳುತ್ತದೆ. ಆಗ ಅದರ ಒಡೆಯರಿಗೆ ಎರಡು ದಾರಿಗಳು ತೋರುತ್ತವೆ. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ಒಂದು. ಅದೇ ಜಾತಿಯ ಮತ್ತೊಂದು ಕಾರ್ಡನ್ನು ಅಗ್ಗದ ಬೆಲೆಗೆ ಕೊಂಡು ಎರಡನ್ನೂ ಜೊತೆಗೂಡಿಸುವುದು ಇನ್ನೊಂದು. ಈ ಎರಡನೆಯದೇ ಮಿತವ್ಯಯದ ಮಾರ್ಗವೆಂದು ಮೇಲುನೋಟಕ್ಕೆ ಕಾಣುವುದು. ಹಣವು ಸುಲಭವಾಗಿ ಒದಗದ ಮನೆಯಲ್ಲಿ, ಅದರಲ್ಲಿಯೂ ಮಗಳ ವಿದ್ಯಾಭ್ಯಾಸಕ್ಕೆಂದೇ ಇಂಥಾ ಯಂತ್ರವನ್ನು ತಂದಿರುವ ಮನೆಯಲ್ಲಿ, ಈ ನಿರ್ಣಯವು ತಪ್ಪಿದರೆ ಬಹುಕಾಲದ ಉಳಿತಾಯವು ವ್ಯರ್ಥವಾದೀತು. ಆದಕಾರಣ ಈ ವಿಷಯವನ್ನು ತುಸು ವಿವರವಾಗಿ ವಿಚಾರಿಸೋಣ.

ಗ್ರಾಫಿಕ್ಸ್ ಕಾರ್ಡೆಂದರೆ ಪರದೆಯ ಮೇಲೆ ಚಿತ್ರಗಳನ್ನು ರಚಿಸತಕ್ಕ ಭಾಗವು. ಅಗಲದಲ್ಲಿ ೧೯೨೦, ಎತ್ತರದಲ್ಲಿ ೧೦೮೦ ಚುಕ್ಕೆಗಳುಳ್ಳ ಸಾಧಾರಣ ಪರದೆಯೊಂದರಲ್ಲಿ ಒಟ್ಟು ೨೦ ಲಕ್ಷಕ್ಕಿಂತ ಹೆಚ್ಚು ಚುಕ್ಕೆಗಳಿರುತ್ತವೆ. ಆಟಗಳಲ್ಲಿ ಚಲನೆಯು ಕಣ್ಣಿಗೆ ನಯವಾಗಿ ತೋರಬೇಕಾದರೆ ಸೆಕೆಂಡಿಗೆ ೬೦ ಚಿತ್ರಗಳಾದರೂ ಬೇಕೆಂದು ಸಾಮಾನ್ಯವಾಗಿ ಹೇಳುವರು. ಅಂದರೆ ಅಷ್ಟೂ ಚುಕ್ಕೆಗಳಿಗೆ ಬಣ್ಣ ತುಂಬುವುದಕ್ಕೆ ಒಂದು ಸೆಕೆಂಡಿನ ೬೦ರಲ್ಲೊಂದು ಪಾಲು ಮಾತ್ರ ಸಮಯವಿರುವುದು.

ಇಷ್ಟು ದೊಡ್ಡ ಕೆಲಸವನ್ನು ಇಬ್ಬರಿಗೆ ಹಂಚಬಾರದೇಕೆಂಬ ಆಲೋಚನೆಯು ಹೊಸದಲ್ಲ. ೧೯೯೮ರಲ್ಲಿ ಅಮೇರಿಕದ ತ್ರೀಡಿಎಫ್‌ಎಕ್ಸ್ ಎಂಬ ಕಂಪೆನಿಯು ವೂಡೂ-೨ ಎಂಬ ಕಾರ್ಡನ್ನು ಹೊರಡಿಸಿತು. ಇವುಗಳಲ್ಲಿ ಎರಡನ್ನು ಜೋಡಿಸಿದರೆ ಪರದೆಯ ಬೆಸ ಸಂಖ್ಯೆಯ ಸಾಲುಗಳನ್ನು ಒಂದೂ ಸರಿ ಸಂಖ್ಯೆಯ ಸಾಲುಗಳನ್ನು ಮತ್ತೊಂದೂ ಬರೆಯುತ್ತಿದ್ದವು. ಆ ಕಂಪೆನಿಯ ಆಸ್ತಿಯನ್ನು ಕೊಂಡುಕೊಂಡ ಎನ್‌ವಿಡಿಯಾ ಕಂಪೆನಿಯು ೨೦೦೪ರಲ್ಲಿ ಎಸ್.ಎಲ್.ಐ. ಎಂಬ ಹಳೆಯ ಹೆಸರಿನಿಂದಲೇ ಹೊಸ ಜೋಡಣೆಯನ್ನು ತಂದಿತು. ಮರುವರುಷ ಏಟಿಐ ಕಂಪೆನಿಯು ಕ್ರಾಸ್‌ಫೈರ್ ಎಂಬುದನ್ನು ಹೊರಡಿಸಿತು. ಈ ಹೊಸ ಕ್ರಮದಲ್ಲಿ ಸಾಲುಗಳನ್ನು ಹಂಚುವುದಕ್ಕೆ ಬದಲಾಗಿ, ಒಂದು ಚಿತ್ರವನ್ನು ಒಂದು ಕಾರ್ಡು, ಮುಂದಿನ ಚಿತ್ರವನ್ನು ಇನ್ನೊಂದು ಕಾರ್ಡು ಬರೆಯುವುದೇ ಹೆಚ್ಚಾಗಿ ರೂಢಿಗೆ ಬಂದಿತು.

ಹೀಗಿರಲಾಗಿ, ಎರಡು ಕಾರ್ಡುಗಳಿಂದ ಎರಡರಷ್ಟು ಫಲವು ಏಕೆ ದೊರೆಯಲಿಲ್ಲ? ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಇಬ್ಬರು ವಿದ್ಯಾರ್ಥಿನಿಯರು ಒಂದು ಪುಸ್ತಕವನ್ನು ಪುಟ ಬಿಟ್ಟು ಪುಟದಂತೆ ನಕಲು ಮಾಡುವರೆಂದು ಎಣಿಸೋಣ. ಮೂಲ ಗ್ರಂಥವು ಎದುರಿಗಿದ್ದರೆ ಕೆಲಸವು ಅರ್ಧ ಕಾಲದಲ್ಲಿ ಮುಗಿಯುವುದು. ಆದರೆ ಅವರು ನಕಲು ಮಾಡದೆ ಸ್ವತಃ ಒಂದು ಕಥೆಯನ್ನು ರಚಿಸುತ್ತಿದ್ದರೆ, ಹಿಂದಿನ ಪುಟವು ಹೇಗೆ ಮುಗಿಯಿತೆಂದು ತಿಳಿಯುವ ತನಕ ಎರಡನೆಯವಳು ಲೇಖನಿಯನ್ನು ಕೆಳಗಿಟ್ಟು ಕಾಯಬೇಕಷ್ಟೆ. ಈಚಿನ ಆಟಗಳು ಹಿಂದಿನ ಚಿತ್ರದಿಂದ ಅನೇಕ ಅಂಶಗಳನ್ನು ತೆಗೆದುಕೊಂಡು ಮುಂದಿನದನ್ನು ರಚಿಸುವುದರಿಂದ, ಜೋಡಿ ಕಾರ್ಡುಗಳ ಪಾಡೂ ಇದೇ ಆಯಿತು. ಅಲ್ಲದೆ ಚಿತ್ರಗಳು ಸಮವಾದ ಅಂತರದಲ್ಲಿ ಬಾರದೆ, ಎರಡು ಕೂಡಿ ಬಂದು ಬಳಿಕ ತುಸು ತಡೆದಂತಾಗುವುದರಿಂದ, ಲೆಕ್ಕದಲ್ಲಿ ವೇಗವಿದ್ದರೂ ಕಣ್ಣಿಗೆ ತೊಡಕು ಕಾಣುತ್ತಿತ್ತು. ಮೇಲಾಗಿ ಕಾರ್ಡುಗಳ ಸ್ಮೃತಿಯು ಒಟ್ಟುಗೂಡುವುದಿಲ್ಲ. ಪ್ರತಿಯೊಂದೂ ಅದೇ ಸಾಮಗ್ರಿಯ ಪೂರ್ಣ ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳಬೇಕು. ಆದುದರಿಂದ ೪ ಗಿಗಾಬೈಟಿನ ಎರಡು ಕಾರ್ಡುಗಳು ಸೇರಿ ೮ ಆಗದೆ ೪ ಆಗಿಯೇ ಉಳಿಯುವುವು.

ಇದಕ್ಕೆ ಒಂದು ನಿಜವಾದ ನಿದರ್ಶನವನ್ನು ನೋಡೋಣ. ೨೦೧೪ರಲ್ಲಿ ಹೊರಟ ಜಿಟಿಎಕ್ಸ್ ೯೭೦ ಎಂಬ ಕಾರ್ಡು ಬಹು ಜನಪ್ರಿಯವಾಗಿತ್ತು. ೨೦೧೬ರಲ್ಲಿ ಜಿಟಿಎಕ್ಸ್ ೧೦೭೦ ಬಂದಾಗ, ಇನ್ನೊಂದು ೯೭೦ನ್ನು ಕೊಳ್ಳುವುದೋ ಅಥವಾ ಹೊಸದಕ್ಕೆ ಹೋಗುವುದೋ ಎಂಬ ಪ್ರಶ್ನೆಯು ಅನೇಕರಿಗೆ ಎದುರಾಯಿತು. ಚೆನ್ನಾಗಿ ಹೊಂದಿಕೊಂಡ ಕೆಲವು ಆಟಗಳಲ್ಲಿ ಆ ಹಳೆಯ ಜೋಡಿಯು ಹಿಂದೆ ಬೀಳುತ್ತಿರಲಿಲ್ಲ. ಹೊಂದದ ಆಟಗಳಲ್ಲಿ ಎರಡನೆಯ ಕಾರ್ಡು ಸುಮ್ಮನೆ ಕುಳಿತಿರುತ್ತಿತ್ತು. ಹಳೆಯದೊಂದಕ್ಕೆ ೧೪೫ ವಾಟ್‌ನಂತೆ ಜೋಡಿಗೆ ೨೯೦ ವಾಟ್ ವಿದ್ಯುತ್ತು ಬೇಕು. ಹೊಸದಕ್ಕೆ ೧೫೦ ಸಾಕು. ಹೊಸದರ ಸ್ಮೃತಿಯೂ ೮ ಗಿಗಾಬೈಟು. ದಿನಕ್ಕೆ ೪ ತಾಸಿನಂತೆ ಪೂರ್ಣ ಶಕ್ತಿಯಲ್ಲಿ ನಡೆಯಿಸಿದರೆ, ಎರಡನೆಯ ೯೭೦ ಒಂದೇ ತಿಂಗಳಿಗೆ ೧೭ ಯೂನಿಟ್ಟಿಗೂ ಮಿಕ್ಕಿ ವಿದ್ಯುತ್ತನ್ನು ತಿನ್ನುವುದು. ಆ ಹೆಚ್ಚಿನ ಹೊರೆಗೆ ತಕ್ಕ ಪವರ್ ಸಪ್ಲೈ ಇಲ್ಲದಿದ್ದರೆ ಅದನ್ನೂ ಬದಲಾಯಿಸಬೇಕಾಗುವುದು. ಅಗ್ಗವೆಂದು ಕೊಂಡದ್ದರ ನಿಜವಾದ ಬೆಲೆಯು ಹೀಗೆ ಏರುವುದು.

ಆ ಬಳಿಕ ಕಂಪೆನಿಗಳೇ ಈ ಮಾರ್ಗವನ್ನು ಬಿಟ್ಟುಬಿಟ್ಟವು. ತನ್ನ ಹಳೆಯ ಕಾರ್ಡುಗಳಿಗೆ ಎಸ್.ಎಲ್.ಐ. ಸಂಬಂಧವಾದ ಹೊಸ ಏರ್ಪಾಡುಗಳನ್ನು ಎನ್‌ವಿಡಿಯಾ ಕಂಪೆನಿಯು ೨೦೨೧ರ ಜನವರಿಯಿಂದ ನಿಲ್ಲಿಸಿತು. ೨೦೨೨ರಲ್ಲಿ ಹೊರಟ ಆರ್‌ಟಿಎಕ್ಸ್ ೪೦೯೦ರಲ್ಲಿ ಜೋಡಿಸುವ ಕೊಂಡಿಯೇ ಇಲ್ಲ. ಆದಕಾರಣ ಆಟಕ್ಕಾಗಿ ಇಂದು ಎರಡನೆಯ ಹಳೆಯ ಕಾರ್ಡನ್ನು ಕೊಳ್ಳುವುದು, ಒಂದರ ಮುಪ್ಪಿಗೆ ಇನ್ನೊಂದು ಮುಪ್ಪನ್ನು ಕೂಡಿಸಿದಂತೆಯೇ ಸರಿ.

ಹಾಗಾದರೆ ಜೊತೆಗೂಡಿಸುವುದು ಯಾವಾಗಲೂ ಅವಿವೇಕವೋ? ಅಲ್ಲ. ಒಬ್ಬರಿಗಾಗಿ ಒಬ್ಬರು ಕಾಯಬೇಕಾಗಿಲ್ಲದ ಕೆಲಸವಿದ್ದಲ್ಲಿ ಇಬ್ಬರಿದ್ದರೆ ಲೇಸೇ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಚಿತ್ರಗಳನ್ನು ರಚಿಸುವವರು ಯಾವ ಕೊಂಡಿಯೂ ಇಲ್ಲದೆ ಎರಡು ಕಾರ್ಡುಗಳಿಗೆ ಕೆಲಸವನ್ನು ಹಂಚಬಹುದು. ಆದರೆ ಇಡೀ ದೃಶ್ಯವು ಒಂದೊಂದರ ಸ್ಮೃತಿಯಲ್ಲಿಯೂ ಹಿಡಿಸಬೇಕು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಜೆಫ್ರಿ ಹಿಂಟನ್ ಎಂಬವರು ೨೦೧೨ರಲ್ಲಿ ಅಲೆಕ್ಸ್‌ನೆಟ್ ಎಂಬ ಪ್ರಸಿದ್ಧ ಜಾಲಕ್ಕೆ ಚಿತ್ರಗಳನ್ನು ಗುರುತಿಸಲು ಕಲಿಸಿದ್ದು ಆಟಕ್ಕೆಂದೇ ಮಾಡಿದ ಎರಡು ಜಿಟಿಎಕ್ಸ್ ೫೮೦ ಕಾರ್ಡುಗಳಿಂದ. ಒಂದೊಂದರ ಸ್ಮೃತಿಯು ೩ ಗಿಗಾಬೈಟು ಮಾತ್ರ. ಒಂದರಲ್ಲಿ ಹಿಡಿಸದ ಆ ಜಾಲವನ್ನು ಅವರು ಎರಡಕ್ಕೆ ಸೀಳಿ, ಕೆಲವೇ ಹಂತಗಳಲ್ಲಿ ಮಾತ್ರ ಅವು ಪರಸ್ಪರ ವ್ಯವಹರಿಸುವಂತೆ ಮಾಡಿದರು. ಸುಮಾರು ೧೨ ಲಕ್ಷ ಚಿತ್ರಗಳ ಈ ಶಿಕ್ಷಣವು ಐದಾರು ದಿನಗಳಲ್ಲಿ ಮುಗಿಯಿತು. ಕೆಲಸವನ್ನು ಹಂಚುವ ಬಗೆಯನ್ನು ಬಲ್ಲವರಿಗೆ ಜೋಡಿಯು ಹೇಗೆ ಸಹಾಯಕವಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಆದರೆ ಹಣದ ಚೀಲಕ್ಕೆ ಕೈ ಹಾಕುವ ಮೊದಲು ದೋಷವು ನಿಜವಾಗಿ ಕಾರ್ಡಿನದೋ ಎಂಬುದನ್ನು ಪರೀಕ್ಷಿಸತಕ್ಕದ್ದು. ಪರದೆಯ ಚುಕ್ಕೆಗಳ ಸಂಖ್ಯೆಯನ್ನು ತಗ್ಗಿಸಿ ನೋಡಿರಿ. ಆಗಲೂ ವೇಗವು ಹೆಚ್ಚದಿದ್ದರೆ ತಡೆಯು ಬಹುಶಃ ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಲ್ಲಿದೆ. ಹೊಸ ಕಾರ್ಡಿನಿಂದ ಲಾಭವಿಲ್ಲ. ಫ್ಯಾನಿನಲ್ಲಿ ಧೂಳು ತುಂಬಿದ್ದರೆ ಕಾರ್ಡು ಕಾದು, ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಧೂಳನ್ನು ತೆಗೆಯುವುದಕ್ಕೆ ಬೇಕಾದದ್ದು ಹಣವಲ್ಲ, ಒಂದು ಮೃದುವಾದ ಕುಂಚ ಮತ್ತು ಸ್ವಲ್ಪ ತಾಳ್ಮೆ.

ಸಾರಾಂಶವೇನೆಂದರೆ: ಮೊದಲು ಶುಚಿಮಾಡಿ ಪರೀಕ್ಷಿಸಬೇಕು. ಆ ಮೇಲೂ ಸಾಲದಿದ್ದರೆ, ಆಟಕ್ಕಾದರೆ ಒಂದೇ ಒಳ್ಳೆಯ ಕಾರ್ಡಿಗೆ ಬದಲಾಯಿಸುವುದು ಯೋಗ್ಯ. ಬಿಡಿಬಿಡಿಯಾಗಿ ಹಂಚಬಹುದಾದ ಗಣಿತ ಅಥವಾ ಚಿತ್ರರಚನೆಗಾದರೆ, ಒಂದರ ಸ್ಮೃತಿಯು ಸಾಕಾಗುವುದಾದರೆ, ಎರಡನೆಯದನ್ನು ಸೇರಿಸಬಹುದು. ವಾಚಕಿಯರು ಯಂತ್ರದ ಬೆಲೆಯನ್ನು ಕೇಳುವುದಕ್ಕೆ ಮುಂಚೆ ತಮ್ಮ ಕೆಲಸದ ಸ್ವಭಾವವನ್ನು ವಿಚಾರಿಸಿಕೊಂಡರೆ, ಅಂಗಡಿಯವನ ಮಾತಿಗೆ ಮರುಳಾಗುವ ಪ್ರಸಂಗವು ಬಾರದು.