ಗಡಿ ಸರಿದಾಗ ವಕೀಲರ ಬಾಗಿಲಿಗೆ ಬರುವ ಕೆಲಸ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲಿ ವಕೀಲರ ಕಚೇರಿ ಎಂದರೆ ಸಾಮಾನ್ಯವಾಗಿ ಒಬ್ಬ ಹಿರಿಯ ವಕೀಲರು, ಒಬ್ಬಿಬ್ಬರು ಜೂನಿಯರ್‌ಗಳು, ಒಬ್ಬ ಗುಮಾಸ್ತ. ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯಲು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಬಿಡುವುದಿಲ್ಲ. ಹೊಸ ಕೆಲಸ ಹುಟ್ಟುವುದು ಆಡಳಿತವೋ ಕಾಯ್ದೆಯೋ ಜಮೀನಿನ ಬಳಕೆಯೋ ಬದಲಾದಾಗ. ಆ ಬದಲಾವಣೆಯನ್ನು ಮೊದಲು ಓದಿ ತಿಳಿದವರನ್ನು ಜನ ಹುಡುಕಿಕೊಂಡು ಬರುತ್ತಾರೆ.

ಈ ಸೀಮೆಯಲ್ಲಿ ಆಡಳಿತದ ಗಡಿ ಮತ್ತೆ ಮತ್ತೆ ಸರಿದಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಊರುಗಳ ಮೇಲ್ಮನವಿಗಳು ಒಂದು ಕಾಲಕ್ಕೆ ಮದರಾಸು ಹೈಕೋರ್ಟಿಗೆ ಹೋಗುತ್ತಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ದಾರಿ ಬೆಂಗಳೂರಿನ ಕಡೆ ತಿರುಗಿತು. 2008ರಲ್ಲಿ ಧಾರವಾಡದ ಹೈಕೋರ್ಟ್ ಪೀಠ ಬಳ್ಳಾರಿ ಜಿಲ್ಲೆಯವರಿಗೆ ಹತ್ತಿರವಾಯಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. 2013ರಲ್ಲಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಜಾರಿಯಾದಾಗ ಹರಪನಹಳ್ಳಿ ದಾವಣಗೆರೆಯಲ್ಲಿದ್ದುದರಿಂದ ಹೊರಗುಳಿಯಿತು. ಇಂಥ ಕಡೆ ಅರ್ಹತಾ ಪ್ರಮಾಣಪತ್ರ, ನೇಮಕಾತಿ ತಕರಾರುಗಳನ್ನು ಬಲ್ಲ ವಕೀಲರು ಬೇಕೇ ಬೇಕು.

ಎಲ್ಲ ಬದಲಾವಣೆಯೂ ವಕೀಲರಿಗೆ ಬಾಗಿಲು ತೆರೆದಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ 7 ಹಿಡಿದು ಭೂ ನ್ಯಾಯಮಂಡಳಿಗೆ ಹೋದಾಗ ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ರದ್ದುಮಾಡಿತು. ಪಿಟಿಸಿಎಲ್ ಕಾಯ್ದೆಯದು ಬೇರೆ ಬಗೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗಿದ್ದರೆ ಮರಳಿ ಕೊಡಿಸುವ 1978ರ ಈ ಕಾಯ್ದೆಯಡಿ, ತಡವಾಗಿ ಬಂದ ಅರ್ಜಿ ನಿಲ್ಲದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ತಿದ್ದುಪಡಿ ಕಾಲಮಿತಿಯ ಅಡ್ಡಿ ತೆಗೆದುಹಾಕಿತು. ಮುಚ್ಚಿಟ್ಟಿದ್ದ ಹಳೇ ಕಡತಗಳನ್ನು ಉಪವಿಭಾಗಾಧಿಕಾರಿಗಳ ಮುಂದೆ ಮತ್ತೆ ಬಿಚ್ಚಲು ಇದರಿಂದ ದಾರಿಯಾಯಿತು.

ಈಗ ಹೆಚ್ಚು ಕೆಲಸವಿರುವುದು ಗಾಳಿಯಂತ್ರ, ಸೋಲಾರ್ ಘಟಕಗಳ ಜಮೀನಿನಲ್ಲಿ. ಕಂಪನಿ ಹೊಲ ಕೇಳಿಕೊಂಡು ಬಂದಾಗ ಮೊದಲು ಹೊರಬರುವುದು ಪಹಣಿ. 9ನೇ ಕಾಲಂನಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದಿರಬಹುದು, 11ರಲ್ಲಿ ಬ್ಯಾಂಕಿನ ಸಾಲ ಕೂತಿರಬಹುದು. ವಂಶವೃಕ್ಷ ಬರೆಸಿ, ಪೌತಿ ಖಾತೆ ಮಾಡಿಸಿ, ಪೋಡಿ ಆಗಿದೆಯೇ ನೋಡಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ಅದನ್ನು ಬಿಟ್ಟ ಗುತ್ತಿಗೆ ಮುಂದೆ ಪಾಲಿನ ದಾವೆಯಾಗುತ್ತದೆ.

ಹಕ್ಕು ಪರಿಶೀಲಿಸಿ ಅಭಿಪ್ರಾಯ ಬರೆದುಕೊಡುವ ಕೆಲಸಕ್ಕೆ ಕಂಪನಿಗೆ ಸ್ಥಳೀಯ ವಕೀಲರೇ ಬೇಕಾಗುತ್ತಾರೆ. ಆದರೆ ಅದೇ ವಕೀಲರು ರೈತನ ಪರವಾಗಿಯೂ ನಿಲ್ಲುವಂತಿಲ್ಲ. ರೈತನಿಗೆ ಕರಾರು ಓದಿ ಹೇಳುವ ಇನ್ನೊಬ್ಬರು ಬೇಕು, ಹೊಸ ವಕೀಲರಿಗೆ ಇದು ದೊಡ್ಡ ಅವಕಾಶ. ಸಹಿಗೆ ಮುಂಚೆ ನೋಡಬೇಕಾದ್ದು ಬಹಳವಿದೆ: ಗುತ್ತಿಗೆ ಎಷ್ಟು ವರ್ಷ, ಬಾಡಿಗೆ ಎಷ್ಟಕ್ಕೊಮ್ಮೆ ಏರುತ್ತದೆ, ಉಳಿದ ಹೊಲಕ್ಕೆ ಎತ್ತಿನ ಗಾಡಿ ಹೋಗುವ ದಾರಿ ಯಾವುದು, ಅವಧಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕಾಂಕ್ರೀಟಿನ ಬುನಾದಿಯನ್ನು ಯಾರ ಖರ್ಚಿನಲ್ಲಿ ಕೀಳಬೇಕು.