ಕವಾಯತಿನ ಬಂದೂಕು: ರೂಪ, ಬಳಕೆ ಮತ್ತು ಅರ್ಥಪಲ್ಲಟ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಮಧುಗಿರಿ ಮತ್ತು ಪಾವಗಡದ ಗಿರಿದುರ್ಗಗಳು, ಶಿರಾದ ಕೋಟೆ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಇವೆಲ್ಲವೂ ಈ ಸೀಮೆಯ ಯುದ್ಧಚರಿತ್ರೆಗೆ ಸಾಕ್ಷಿಯಾಗಿವೆ. ಪಾಳೆಯಗಾರರ, ಮೊಗಲರ, ಮರಾಠರ, ಹೈದರಾಲಿಯ ಆಯುಧಗಳನ್ನು ಕಂಡ ಈ ನೆಲದಲ್ಲಿ ಇಂದು ಜನರು ಬಂದೂಕನ್ನು ಬಹಿರಂಗವಾಗಿ ಕಾಣುವುದು ಬಹುಮಟ್ಟಿಗೆ ಜನವರಿ 26 ಮತ್ತು ಆಗಸ್ಟ್ 15ರ ಕವಾಯತಿನಲ್ಲಿ. ಎನ್.ಸಿ.ಸಿ. ವಿದ್ಯಾರ್ಥಿಗಳು ಹೆಗಲಿಗೇರಿಸುವ ಕವಾಯತಿನ ಬಂದೂಕು ನೋಟಕ್ಕೆ ಆಯುಧವೇ, ಬಳಕೆಯಲ್ಲಿ ಅಲ್ಲ. ಈ ವ್ಯತ್ಯಾಸದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎನ್.ಸಿ.ಸಿ. ಸ್ಥಾಪನೆಗೊಂಡದ್ದು 1948ರಲ್ಲಿ. ಅದರ ಕವಾಯತಿನೊಂದಿಗೆ ದೀರ್ಘಕಾಲ ಬೆಸೆದುಕೊಂಡದ್ದು .303 ಲೀ-ಎನ್‌ಫೀಲ್ಡ್ ರೈಫಲ್. 1907ರಲ್ಲಿ ಬಳಕೆಗೆ ಬಂದ ಇದರ ಮೂರನೆಯ ಮಾದರಿಯನ್ನು ಬಂಗಾಳದ ಇಛಾಪುರದ ಕಾರ್ಖಾನೆಯೂ ತಯಾರಿಸಿತು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರು ಹಿಡಿದದ್ದು ಮುಖ್ಯವಾಗಿ ಇದನ್ನೇ. 1962ರ ಯುದ್ಧದ ನಂತರ ಸೇನೆಗೆ 7.62 ಮಿ.ಮೀ.ನ ಎಸ್.ಎಲ್.ಆರ್. ಬಂದೂಕುಗಳು ಬಂದುದರಿಂದ ಹಳೆಯವು ಕ್ರಮೇಣ ಪೊಲೀಸ್ ಇಲಾಖೆಗೂ ತರಬೇತಿ ಸಂಸ್ಥೆಗಳಿಗೂ ಸರಿದವು.

ಹೀಗೆ ಸೇನೆಗೆ ಬೇಡವಾದ ಬಂದೂಕಿಗೆ ಎರಡು ಬಗೆಯ ಮಾರ್ಪಾಡುಗಳು ಸಾಧ್ಯವಾದವು. ಒಂದು, ನಳಿಕೆಯ ಒಳವ್ಯಾಸವನ್ನು ಕಿರಿದಾಗಿಸಿ .22 ಅಳತೆಯ ಸಣ್ಣ ಗುಂಡಿಗೆ ಹೊಂದಿಸುವುದು. ಇದು ಗುರಿ ಅಭ್ಯಾಸಕ್ಕೆ. ಇನ್ನೊಂದು, ಗುಂಡು ಹಾರದಂತೆ ಮಾಡುವುದು, ಇದು ಕವಾಯತಿಗೆ. ಎರಡನೆಯ ಬಗೆಯಲ್ಲಿ ತೋಟಾ ಕೂರುವ ಭಾಗಕ್ಕೆ ಆರಪಾರ ರಂಧ್ರ ಕೊರೆಯುವುದು, ತೋಟಾಕ್ಕೆ ಬಡಿಯುವ ಮೊಳೆಯನ್ನು ಕತ್ತರಿಸುವುದು ಮೊದಲಾದ ಕ್ರಮಗಳಿವೆ. ಬಂದೂಕಿನ ಮೇಲೆ ‘ಡಿ.ಪಿ.’ ಎಂಬ ಮುದ್ರೆ ಒತ್ತಲಾಗುತ್ತದೆ. ‘ಕವಾಯತಿಗೆ ಮಾತ್ರ’ ಎಂಬುದು ಅದರ ತಾತ್ಪರ್ಯ. ದೂರದಿಂದಲೇ ಗುರುತು ಸಿಗಲೆಂದು ಮರದ ಭಾಗಕ್ಕೆ ಬಿಳಿಯ ಪಟ್ಟಿ ಬಳಿಯುವುದು ಬ್ರಿಟಿಷರ ಪದ್ಧತಿಯಾಗಿತ್ತು. ಆದರೆ ಸುಮಾರು 4 ಕಿಲೋ ತೂಕ, 113 ಸೆಂ.ಮೀ. ಉದ್ದ, ಅಂಗೈ ಬಡಿದಾಗ ಮರದಿಂದ ಹೊಮ್ಮುವ ಸದ್ದು ಇವು ಹಾಗೆಯೇ ಉಳಿಯುತ್ತವೆ. ಶಿಸ್ತಿಗೆ ಬೇಕಾದವು ಇವೇ.

ಕವಾಯತಿನ ಭಾಷೆಯಲ್ಲಿಯೂ ಇಂತಹುದೇ ಪಲ್ಲಟವಿದೆ. ‘ಕವಾಯತು’ ಎಂಬುದು ನಿಯಮಗಳು ಎಂಬರ್ಥದ ಅರಬ್ಬಿ ಪದದಿಂದ ಬಂದುದು. ಕನ್ನಡದಲ್ಲಿ ಅದು ದೇಹದ ಚಲನೆಗೆ ಸಲ್ಲುತ್ತದೆ. ‘ಸಾವಧಾನ’ ಎಂದರೆ ಮೂಲತಃ ಅವಧಾನದಿಂದ ಕೂಡಿದ ಸ್ಥಿತಿ. ಕನ್ನಡದ ಆಡುಮಾತಿನಲ್ಲಿ ಅದು ‘ನಿಧಾನ’, ‘ಅವಸರವಿಲ್ಲದೆ’ ಎಂಬ ಅರ್ಥ ಪಡೆದಿದೆ. ಹಿಂದಿಯ ಆಜ್ಞೆಯಾಗಿ ಮೈದಾನದಲ್ಲಿ ಮೊಳಗಿದಾಗಲೋ ಅದೇ ಪದ ತಟ್ಟನೆ ಸೆಟೆದು ನಿಲ್ಲುವಂತೆ ಮಾಡುತ್ತದೆ. ಮನೆಯಲ್ಲಿ ‘ಸಾವಧಾನವಾಗಿ ಹೋಗು’ ಎಂಬ ಮಾತು ಕೇಳಿ ಬೆಳೆದ ವಿದ್ಯಾರ್ಥಿ ಈ ಎರಡು ಅರ್ಥಗಳನ್ನೂ ಗೊಂದಲವಿಲ್ಲದೆ ನಿಭಾಯಿಸುತ್ತಾನೆ. ಪದದ ರೂಪ ಉಳಿದು ಅರ್ಥ ಬದಲಾಗುವಂತೆ, ಇಲ್ಲಿ ಆಯುಧದ ರೂಪ ಉಳಿದು ಪ್ರಯೋಜನ ಬದಲಾಗಿದೆ.

ಆದರೆ ಪದಕ್ಕೂ ಬಂದೂಕಿಗೂ ಒಂದು ಮುಖ್ಯ ಭೇದವಿದೆ. ಪದದ ಅರ್ಥವನ್ನು ಸಂದರ್ಭ ನಿರ್ಣಯಿಸುತ್ತದೆ. ಬಂದೂಕಿನ ವಿಷಯದಲ್ಲಿ ಸಂದರ್ಭವನ್ನೇ ನೆಚ್ಚುವಂತಿಲ್ಲ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸ್ ಶಿಬಿರದ ಮೇಲೆ ನಕ್ಸಲೀಯರು ದಾಳಿ ನಡೆಸಿ ಪೊಲೀಸರನ್ನು ಕೊಂದರು. ಬಂದೂಕು ಇಲ್ಲಿ ಕೇವಲ ಕೋಟೆಗಳ ಕಾಲದ ನೆನಪಲ್ಲ ಎಂಬುದನ್ನು ಆ ಘಟನೆ ತೋರಿಸಿತು. ಇಂತಹ ಸೀಮೆಯಲ್ಲಿ ಎಳೆಯರ ಕೈಗೆ ಕೊಡುವ ಬಂದೂಕು ‘ಯಾರೂ ಹಾರಿಸಲಾರರು’ ಎಂಬ ನಂಬಿಕೆಯ ಮೇಲೆ ನಿಲ್ಲಬಾರದು. ಹಾರಿಸಲು ಬಾರದಂತೆಯೇ ಇರಬೇಕು. ನಳಿಕೆಯ ರಂಧ್ರ, ಕತ್ತರಿಸಿದ ಮೊಳೆ, ಒತ್ತಿದ ಮುದ್ರೆ ಇವು ಆ ಖಾತರಿಯ ಗುರುತುಗಳು. ಹಾಗಿದ್ದೂ ಅದನ್ನು ಎಣಿಸಿ ಕೊಟ್ಟು, ಎಣಿಸಿ ಪಡೆದು, ಬೀಗದಲ್ಲಿಡುವ ಶಿಸ್ತು ಅನಗತ್ಯವಲ್ಲ. ಗುಂಡು ಹಾರಿಸದ ಬಂದೂಕೂ ಅಂಜಿಸಬಲ್ಲದು. ಅದರ ರೂಪಕ್ಕೆ ಆ ಶಕ್ತಿ ಇನ್ನೂ ಉಳಿದಿದೆ.